ದೇವಿಮನೆ ಘಟ್ಟದ ಮಂಜಿಗೆ ಮೂರು ಹಲಗೆ

ಜಪಾನಿನ ಎದೊದಿಂದ (ಇಂದಿನ ಟೋಕಿಯೊ) ಕ್ಯೋಟೊಗೆ ಹೋಗುವ ತೋಕೈದೊ ದಾರಿಯಲ್ಲಿ 53 ತಂಗುದಾಣಗಳಿದ್ದವು. 1830ರ ದಶಕದಲ್ಲಿ ಹಿರೋಶಿಗೆ ಎಂಬ ಕಲಾವಿದ ಅವನ್ನು ಮರದಚ್ಚಿಗೆ ಇಳಿಸಿದ. ಎರಡೂ ತುದಿ ಸೇರಿ 55 ಚಿತ್ರ. ನನಗೆ ಅಷ್ಟು ತಾಳ್ಮೆ ಇಲ್ಲ. ಶಿರಸಿಯಿಂದ ಕುಮಟೆಗೆ ಇಳಿಯುವಾಗ ಮರದಚ್ಚಿಗೆ ಐದೇ ಜಾಗ ಆರಿಸಿಕೊಂಡೆ. ಮೊದಲನೆಯದು ದೇವಿಮನೆ ಘಟ್ಟ.

ಬಸ್ಸಲ್ಲೇ ಪೆನ್ಸಿಲ್ಲಿನಿಂದ ಗೀಚಿ. ಗುಡ್ಡ, ರಸ್ತೆಯ ತಿರುವು, ಒಂದು ಕೊಡೆ, ಸಾಕು. ಆ ಚಿತ್ರವನ್ನು ತೆಳು ಹಾಳೆಗೆ ಇಳಿಸಿ, ಮಗುಚಿ ಹಲಗೆಗೆ ಅಂಟಿಸಿ, ಕೆತ್ತಿ. ಅಚ್ಚು ತಿರುಗುಮುರುಗಾಗಿ ಬೀಳುತ್ತದೆ, ಅಲ್ವಾ? ನಾನು ಮರೆತಿದ್ದೆ. ಕುಮಟೆಯ ಸಮುದ್ರ ಪೂರ್ವಕ್ಕೆ ಹೋಗಿತ್ತು!

ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಎಲ್ಲದರ ಮೂಲೆಯಲ್ಲೂ ಒಂದೇ ಅಳತೆಗೆ ಕಾಗದ ತಾಗಿಸುವ ಗುರುತು ಕೆತ್ತಿ. ಇದೇ ಕೆಂತೊ. ಇದು ತಪ್ಪಿದರೆ ಕೊಡೆ ಒಂದು ಕಡೆ, ಅದರ ಬಣ್ಣ ಇನ್ನೊಂದು ಕಡೆ.

ಮಂಜಿಗೆ ಬೊಕಾಶಿ ಬೇಕು, ಅಂದರೆ ಗಾಢ ಬಣ್ಣ ಮೆಲ್ಲಗೆ ತೆಳುವಾಗುತ್ತಾ ಹೋಗಬೇಕು. ನನಗೆ ಇದೇ ಇಷ್ಟ. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬ್ರಶ್ಶಿನ ಒಂದು ತುದಿಗೆ ಮಾತ್ರ ನೀಲಿ ಹಚ್ಚಿ, ಚೂರು ಅಕ್ಕಿ ಅಂಟು ಸೇರಿಸಿ, ಅಡ್ಡಕ್ಕೆ ಉಜ್ಜಿ. ನೀಲಿ ಮೆಲ್ಲಗೆ ಕರಗಿ ಬಿಳಿಯಾಗುತ್ತದೆ. ನೀರು ಜಾಸ್ತಿಯಾದರೆ ಸುಮ್ನೆ ಕಲೆ.

ತುಸು ಒದ್ದೆ ಮಾಡಿದ ಕಾಗದ ಹಾಸಿ, ಬೆನ್ನಿಗೆ ಸೌಟಿನ ಹಿಂಬದಿಯಿಂದ ತಿಕ್ಕಿ. ಶಿರಸಿಯ ಮಳೆಗಾಲದಲ್ಲಿ ಒದ್ದೆ ಕಾಗದವನ್ನು ದಿನಗಟ್ಟಲೆ ಇಡಬೇಡಿ, ಬೂಷ್ಟು ಹಿಡಿಯುತ್ತದೆ.