ಬ್ಯಾಂಕಾಕ್‌ನಲ್ಲಿ ಅಮ್ಮನಿಗೂ ಹೊಟ್ಟೆ ತುಂಬಿದ ದಿನ: ಐದು ಜನಕ್ಕೆ 2,300 ಬಾತ್

ಪ್ಯಾಕೇಜ್ ಬೇಡ, ಅಮ್ಮನನ್ನು ನಾನೇ ಬ್ಯಾಂಕಾಕ್ ಸುತ್ತಿಸ್ತೀನಿ ಅಂದಾಗ ಭಾವ ಒಪ್ಪಲೇ ಇಲ್ಲ. "ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟದವರನ್ನ ಅಲ್ಲಿಗೆ ಕರ್ಕೊಂಡು ಹೋಗಿ ಉಪವಾಸ ಕೆಡವ್ತೀಯಾ" ಅಂದರು. ಪ್ಯಾಕೇಜಿನವರು ಒಂದು ದಿನದ ಸುತ್ತಾಟ, ನಮ್ಮ ಕಡೆ ಊಟ ಸೇರಿ ತಲೆಗೆ ನಾಲ್ಕು ಸಾವಿರ ರೂಪಾಯಿ ಹೇಳಿದ್ದರು. ಐದು ಜನಕ್ಕೆ ಇಪ್ಪತ್ತು ಸಾವಿರ. ನಮಗೆ ಆಗಿದ್ದು 2,300 ಬಾತ್ (ಥಾಯ್ಲೆಂಡಿನ ದುಡ್ಡು), ಅಂದರೆ ಸುಮಾರು ಆರು ಸಾವಿರ ರೂಪಾಯಿ. ಅಮ್ಮ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಮೊದಲ ದಿನ ಮಾತ್ರ ಪೂರ್ತಿ ಎಡವಿದೆವು. ಅರಮನೆ ಗೋಡೆ ಹತ್ತಿರ ಒಬ್ಬ ಬಂದು, ಇವತ್ತು ಅರಮನೆ ಮುಚ್ಚಿದೆ, 40 ಬಾತ್‌ಗೆ ಟುಕ್‌ಟುಕ್‌ನಲ್ಲಿ ಊರೆಲ್ಲ ತೋರಿಸ್ತೀನಿ ಅಂದ. ಹತ್ತಿದೆವು. ತೋರಿಸಿದ್ದು ಒಂದು ದೇವಸ್ಥಾನ, ಎರಡು ಹರಳಿನ ಅಂಗಡಿ. ಅರಮನೆ ತೆರೆದೇ ಇತ್ತು ಅಂತ ಸಂಜೆ ಗೊತ್ತಾಯಿತು. ಮಧ್ಯಾಹ್ನ ವೆಜ್ ಅಂತ ಹೇಳಿ ತರಿಸಿದ ಪ್ಯಾಡ್ ಥಾಯ್ ನೂಡಲ್ಸ್‌ನಲ್ಲಿ ಒಣ ಸಿಗಡಿ ಸಿಕ್ಕಿತು. ಅಮ್ಮ ಸುಮ್ನೆ ತಟ್ಟೆ ಸರಿಸಿ ಬಾಳೆಹಣ್ಣು ತಿಂದರು. ಖರ್ಚು 3,500 ಬಾತ್ ದಾಟಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ವೆಜ್ ಅನ್ನುವ ಮಾತನ್ನೇ ಬಿಟ್ಟೆ. ಅಲ್ಲಿ ಕೇಳಬೇಕಾದ ಮಾತು 'ಜೇ'. ಅದರ ಗುರುತು ಹಳದಿ ಬಟ್ಟೆ ಮೇಲೆ ಕೆಂಪಕ್ಷರ, ದೂರದಿಂದ ನೋಡಿದರೆ ಇಂಗ್ಲಿಷಿನ 17ರ ಹಾಗೆ ಕಾಣುತ್ತದೆ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ನಮ್ಮ ಮಡಿಯ ಅಡುಗೆಗೆ ಇಷ್ಟು ಹತ್ತಿರದ್ದು ಬ್ಯಾಂಕಾಕ್ ಬೀದಿಯಲ್ಲಿ ಇದೆ ಅಂತ ಯಾರೂ ಹೇಳಿರಲಿಲ್ಲ. ಬೆಳಗಿನ ತಿಂಡಿಗೆ ಸೆವೆನ್ ಇಲೆವೆನ್ ಅಂಗಡಿಯಲ್ಲೇ ಈ ಗುರುತಿನ ಬನ್ನು, ಸೋಯಾ ಹಾಲು ಸಿಕ್ಕಿತು.

ರೂಮನ್ನು ನದಿಯ ಸಾತೋರ್ನ್ ದೋಣಿಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರ ಹಿಡಿದಿದ್ದೆ. ಟ್ರೈನಿನ ದುಡ್ಡು ಪೂರ್ತಿ ಉಳಿಯಿತು. ಕಟ್ಟೆಯಲ್ಲಿ ಟೂರಿಸ್ಟ್ ದೋಣಿಯ ಟಿಕೆಟ್ ಮಾರುವವರು ಬಿಡುವುದೇ ಇಲ್ಲ, ಅವರನ್ನು ದಾಟಿ ಕಿತ್ತಳೆ ಬಾವುಟದ ದೋಣಿಗೆ ನಿಲ್ಲಬೇಕು. ಎಷ್ಟು ದೂರ ಹೋದರೂ 16 ಬಾತ್. ಕಂಡಕ್ಟರಮ್ಮ ಉದ್ದನೆಯ ಲೋಹದ ಡಬ್ಬಿ ಹಿಡಿದು ಅದರ ಮುಚ್ಚಳ ಟಕಟಕ ಅನ್ನಿಸುತ್ತಾ ಬರುತ್ತಾಳೆ, ಚಿಲ್ಲರೆಯೂ ಟಿಕೆಟ್ಟೂ ಅದರೊಳಗೇ.

ಥಾ ತಿಯೆನ್‌ನಲ್ಲಿ ಇಳಿದು ವಾಟ್ ಫೋ ದೇವಸ್ಥಾನ. ದೊಡ್ಡವರಿಗೆ 300 ಬಾತ್, 120 ಸೆಂಟಿಮೀಟರ್‌ಗಿಂತ ಕುಳ್ಳಗಿನ ಮಕ್ಕಳಿಗೆ ಇಲ್ಲ, ಹಾಗಾಗಿ ಚಿಕ್ಕವನಿಗೆ ಉಳಿಯಿತು. ಒಟ್ಟು 1,200. ದಿನದ ಅರ್ಧ ಖರ್ಚು ಇದೊಂದೇ, ಆದರೂ ಇದನ್ನು ಬಿಡಬೇಡಿ. 46 ಮೀಟರ್ ಉದ್ದದ ಮಲಗಿದ ಬುದ್ಧ. ಬೆನ್ನ ಹಿಂದೆ ಗೋಡೆ ಉದ್ದಕ್ಕೂ 108 ಕಂಚಿನ ಬಟ್ಟಲು. ಸಣ್ಣ ನಾಣ್ಯ ಕೊಂಡು ಒಂದೊಂದಕ್ಕೂ ಹಾಕುತ್ತಾ ಹೋಗಬೇಕು. ಅಮ್ಮ ಒಂದೊಂದು ಟಿಣ್‌ಗೂ ಒಂದೊಂದು ನಾಮ ಹೇಳುತ್ತಾ ಅಷ್ಟೋತ್ತರವನ್ನೇ ಮುಗಿಸಿದರು.

ಅರಮನೆಗೆ ತಲೆಗೆ 500. ಹೊರಗಿನಿಂದ ನೋಡಿ ಬಂದೆವು.

ಊಟ ಒಂದು ಓಣಿಯಲ್ಲಿ. ಯಾವ ಓಣಿ ಅಂತ ಹೇಳುವುದಿಲ್ಲ, ಅಲ್ಲಿರುವುದೇ ಎಂಟು ಸ್ಟೂಲು, ಒಂದು ಗಂಟೆಗೆಲ್ಲ ಪಾತ್ರೆ ಖಾಲಿ. ಅನ್ನದ ಮೇಲೆ ಎರಡು ಪಲ್ಯ, 50 ಬಾತ್. ಒಂದು ಎಚ್ಚರ: ಸೋಯಾದಲ್ಲಿ ಮಾಡಿದ ತುಂಡುಗಳು ಥೇಟ್ ಮಾಂಸದ ಹಾಗೇ ಇರುತ್ತವೆ, ನಾರು ನಾರಾಗಿ. ಅಮ್ಮನ ಕೈ ನಿಂತುಬಿಟ್ಟಿತು. ನಾನು ತೋಫು, ಅಣಬೆ, ಶುಂಠಿ ಹಾಕಿದ ಸೊಪ್ಪು ಇಷ್ಟನ್ನೇ ಬೆರಳಿಟ್ಟು ತೋರಿಸಿ ಬೇರೆ ತಟ್ಟೆ ಹಾಕಿಸಿದೆ. "ಹುಳಿ ಇಲ್ಲ, ಆದ್ರೆ ಶುಂಠಿ ಹದವಾಗಿದೆ ಕಣೋ" ಅಂದರು.

ಆಮೇಲೆ ಒಂದು ಪ್ರಯೋಗ. ಬಿಸಿಲು ಜಾಸ್ತಿ ಇತ್ತು, ನೆರಳಿಗೆ ಅಂತ ಎದುರು ದಡಕ್ಕೆ ಹೋಗುವ ದೋಣಿ ಹತ್ತಿದೆವು. ತಲೆಗೆ 5 ಬಾತ್. ಮಕ್ಕಳಿಗೆ ಇಡೀ ದಿನದಲ್ಲಿ ಇಷ್ಟವಾಗಿದ್ದು ಇದೇ! ವಾಪಸ್ ಬಂದು ಗಾಡಿಯಲ್ಲಿ ಹೆಚ್ಚಿದ ಮಾವಿನಕಾಯಿ ಕೊಂಡೆವು, 25 ಬಾತೋ ಏನೋ, ಜೊತೆಗೆ ಖಾರ ಉಪ್ಪಿನ ಪೊಟ್ಟಣ. ಅದರಲ್ಲಿ ಸಕ್ಕರೆ ಬೆರೆಸಿರುತ್ತಾರೆ, ಅದೊಂದು ಬಿಟ್ಟರೆ ನಮ್ಮ ಸ್ಕೂಲ್ ಗೇಟಿನ ಮಾವಿನಕಾಯಿಯೇ. ಈ ದಡದಲ್ಲೇ ಕೂತು ಅದನ್ನು ತಿನ್ನುತ್ತಾ ಎದುರು ದಡದ ವಾಟ್ ಅರುಣ್ ದೇವಸ್ಥಾನದ ಗೋಪುರದ ಹಿಂದೆ ಸೂರ್ಯ ಇಳಿಯುವುದನ್ನು ನೋಡಿದೆವು. ಇದಕ್ಕೆ ಟಿಕೆಟ್ ಇಲ್ಲ.

ದೋಣಿಗೆಲ್ಲ ಸೇರಿ 210, ಟಿಕೆಟ್ 1,200, ಮೂರು ಹೊತ್ತಿನ ಊಟ ತಿಂಡಿ, ಹಣ್ಣು, ನೀರು ಎಂಟುನೂರು ಒಂಬೈನೂರು. ಭಾವನಿಗೆ ಲೆಕ್ಕದ ಚೀಟಿಯ ಫೋಟೋ ಅಲ್ಲಿಂದಲೇ ಕಳಿಸಿದೆ.

ಜೇ ಊಟದ ಒಂಬತ್ತು ದಿನದ ಹಬ್ಬ ಅಲ್ಲಿ ಬರುವುದು ಹೆಚ್ಚುಕಡಿಮೆ ನಮ್ಮ ನವರಾತ್ರಿ ದಿನಗಳಲ್ಲೇ, ಆಗ ಚೈನಾಟೌನ್ ತುಂಬಾ ಹಳದಿ ಬಾವುಟ. ಮುಂದಿನ ಸಲ ಆಗಲೇ ಹೋಗುವುದು. ಚಿಕ್ಕಮ್ಮನೂ ಬರ್ತೀನಿ ಅಂದಿದ್ದಾರೆ.