ಪಿಲ್ಲರ್ ಡ್ರಿಲ್‌ನ ಚಕ್ ಕಳಚಿ ಬೀಳುವುದು ನಿಂತಿತು

ನಮ್ಮ ವರ್ಕ್‌ಶಾಪಿನ ಪಿಲ್ಲರ್ ಡ್ರಿಲ್‌ನಲ್ಲಿ (ಕಂಬಕ್ಕೆ ಕೂರಿಸಿದ ಕೊರೆಯುವ ಯಂತ್ರ) 12 ಮಿ.ಮೀ. ಬಿಟ್ ಉಕ್ಕಿನ ತಟ್ಟೆಯನ್ನು ತೂರಿ ಹೊರಬರುವ ಹೊತ್ತಿಗೆ, ಬಿಟ್ ಹಿಡಿಯುವ ಚಕ್ ಕಳಚಿ ಬೀಳುತ್ತಿತ್ತು. ಬಿಟ್ ಕಚ್ಚಿಕೊಂಡು ಎಳೆಯುವ ಆ ಕ್ಷಣವೇ ಅತಿ ಅಪಾಯದ್ದು. ಹೊಸ ಚಕ್ ಕೊಳ್ಳಿ ಎಂದರು ಕೆಲವರು, ಆದರೆ ದೋಷ ಚಕ್ಕಿನದಾಗಿರಲಿಲ್ಲ.

ಪ್ಲಗ್ ಕಿತ್ತು, ಸ್ಪಿಂಡಲ್‌ನ (ತಿರುಗುವ ದಂಡದ) ಸೀಳಿಗೆ ಡ್ರಿಫ್ಟ್ ಎಂಬ ಬೆಣೆ ಬಡಿದು, ಚಕ್ಕನ್ನು ಸ್ಪಿಂಡಲ್‌ಗೆ ಕೂರಿಸುವ ಟೇಪರ್ (ತುದಿಯತ್ತ ಕಿರಿದಾಗುವ ದಂಡ) ಬಿಡಿಸಿದರೆ, ಅದರ ಮೈಮೇಲೆ ಜಿಡ್ಡು, ಲೋಹದ ಪುಡಿ, ಜೊತೆಗೆ ಒಂದು ಉಬ್ಬು ಗೀರು. ಟೇಪರ್ ನಿಲ್ಲುವುದು ಘರ್ಷಣೆಯ ಬಲದಿಂದ. ಅಲ್ಲಿ ಎಣ್ಣೆ ಸಲ್ಲದು. ಗೀರಿನ ಉಬ್ಬನ್ನಷ್ಟೇ ಎಣ್ಣೆಕಲ್ಲಿನಿಂದ ತೀಡಿ, ಟೇಪರ್ ಮತ್ತು ಸ್ಪಿಂಡಲ್‌ನ ಒಳಮೈ ಎರಡನ್ನೂ ಥಿನ್ನರ್‌ನಿಂದ ಒರೆಸಿ ಒಣಗಿಸಿದೆ. ಚಕ್ಕಿನ ದವಡೆಗಳನ್ನು ಪೂರ್ತಿ ಒಳಕ್ಕೆ ಸರಿಸಿ, ಮರದ ಸುತ್ತಿಗೆಯಿಂದ ಕೆಳಗಿನಿಂದ ಗಟ್ಟಿಯಾಗಿ ಬಡಿದೆ. ಈಗ ಅಲುಗುವುದಿಲ್ಲ.

ಬೆಲ್ಟನ್ನು ಬೇರೆ ಪುಲ್ಲಿಗೆ ಸರಿಸಿ ವೇಗವನ್ನೂ ನಿಮಿಷಕ್ಕೆ 600 ಸುತ್ತಿನ ಆಸುಪಾಸಿಗೆ ಇಳಿಸಿದ್ದೇನೆ. ತಟ್ಟೆ ವೈಸ್‌ನ ಹಿಡಿತದಲ್ಲೇ ಇರಬೇಕು, ಕೈಗವಸು ಕೂಡದು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.