ಅಮೆರಿಕದಲ್ಲಿ ಮರಣ ದಾಖಲೆ ಮತ್ತು ನಿಧನ ವಾರ್ತೆ ಹುಡುಕುವುದು: ಹೊಸಬರಿಗೆ ಮಾರ್ಗದರ್ಶಿ

ಸಾವಿನ ಕಾಗದಪತ್ರದ ಬಗ್ಗೆ ನಮ್ಮ ಕೂಟಕ್ಕೆ ಎರಡು ಥರದ ಕರೆಗಳು ಬರುತ್ತವೆ. ಮೊದಲನೆಯದು, ಈ ವಾರವೇ ಯಾರನ್ನೋ ಕಳೆದುಕೊಂಡ ಮನೆಯಿಂದ. ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ತೋಚುತ್ತಿರುವುದಿಲ್ಲ. ಎರಡನೆಯದರ ಮೂಲ ಊರಿನಲ್ಲಿರುತ್ತದೆ. ಮೂವತ್ತು ವರ್ಷದ ಹಿಂದೆ ಅಮೆರಿಕಕ್ಕೆ ಬಂದ ದೊಡ್ಡಪ್ಪ ಇಲ್ಲೇ ತೀರಿಕೊಂಡರು, ಈಗ ಜಮೀನಿನ ಖಾತೆ ಬದಲಾವಣೆಗೆ ಅವರ ಡೆತ್ ಸರ್ಟಿಫಿಕೇಟ್ ಬೇಕು, ಆದರೆ ಯಾವ ಊರಲ್ಲಿ ತೀರಿಕೊಂಡರು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇಬ್ಬರಿಗೂ ನಾವು ಕೇಳುವ ಮೊದಲ ಪ್ರಶ್ನೆ ಒಂದೇ: ಸಾವು ಎಲ್ಲಿ ಆಯಿತು?

ಎಲ್ಲಿ ವಾಸವಿದ್ದರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯುಸಿರು ಎಲ್ಲಿ ನಿಂತಿತೋ ಆ ರಾಜ್ಯದಲ್ಲೇ ದಾಖಲೆ ಇರುತ್ತದೆ. ನಮಗೆ ಗೊತ್ತಿದ್ದ ಒಂದು ಕುಟುಂಬ ನ್ಯೂ ಜೆರ್ಸಿಯಲ್ಲಿತ್ತು. ಮನೆಯ ಹಿರಿಯರನ್ನು ಕೊನೆಯ ಎರಡು ದಿನ ನದಿಯಾಚೆ ಪೆನ್ಸಿಲ್ವೇನಿಯಾದ ಆಸ್ಪತ್ರೆಗೆ ಸೇರಿಸಿದ್ದರು. ಮಕ್ಕಳು ಮೂರು ವಾರ ನ್ಯೂ ಜೆರ್ಸಿಯ ಕಚೇರಿಗಳಿಗೇ ಅರ್ಜಿ ಹಾಕುತ್ತಾ ಹೋದರು. ಜೊತೆಗಿದ್ದ ನನಗೂ ಅದು ಹೊಳೆಯಲಿಲ್ಲ. ಇಂಥ ಪುಟ ಒಂದು ಬೇಕು ಅಂತ ನಮಗೆ ಅನಿಸಿದ್ದು ಆಗಲೇ.

ಅಮೆರಿಕದಲ್ಲಿ ಮರಣ ಪ್ರಮಾಣಪತ್ರ ಕೊಡುವ ಕೇಂದ್ರ ಸರ್ಕಾರದ ಕಚೇರಿ ಇಲ್ಲ. ಜನನ, ಮರಣ, ಮದುವೆ, ಮೂರೂ ರಾಜ್ಯಗಳ ಕೈಯಲ್ಲಿವೆ. ಈ ಕಚೇರಿಗೆ ವೈಟಲ್ ರೆಕಾರ್ಡ್ಸ್ ಎನ್ನುತ್ತಾರೆ. ಎಷ್ಟೋ ರಾಜ್ಯಗಳಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲೂ ಪ್ರತಿ ಸಿಗುತ್ತದೆ. ಮ್ಯಾಸಚೂಸೆಟ್ಸ್ ಥರದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಊರಿನ ಟೌನ್ ಕ್ಲರ್ಕ್ ಹತ್ತಿರವೇ ಇರುತ್ತದೆ. ನ್ಯೂಯಾರ್ಕ್ ನಗರದ ವ್ಯವಸ್ಥೆ ನ್ಯೂಯಾರ್ಕ್ ರಾಜ್ಯದ್ದರಿಂದ ಪೂರ್ತಿ ಬೇರೆ. ನಗರದ ಭಾಗವಾದ ಕ್ವೀನ್ಸ್‌ನಲ್ಲಿ ಆದ ಸಾವಿಗೆ ರಾಜ್ಯದ ರಾಜಧಾನಿ ಆಲ್ಬನಿಗೆ ಬರೆದರೆ ಪ್ರಯೋಜನವಿಲ್ಲ. ಯಾವ ರಾಜ್ಯಕ್ಕೆ ಎಲ್ಲಿ ಬರೆಯಬೇಕು, ಶುಲ್ಕ ಎಷ್ಟು ಎಂಬ ಪಟ್ಟಿಯನ್ನು ಕೇಂದ್ರ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ತನ್ನ ಜಾಲತಾಣದಲ್ಲಿ ಇಟ್ಟಿದೆ. ಗೂಗಲ್‌ನಲ್ಲಿ ಮೊದಲು ಕಾಣುವ ಜಾಹೀರಾತುಗಳನ್ನು ಒತ್ತುವ ಬದಲು ಆ ಪಟ್ಟಿಯಿಂದ ಶುರು ಮಾಡಿ. ವೈಟಲ್‌ಚೆಕ್ ಎಂಬ ಖಾಸಗಿ ಸೇವೆಯನ್ನು ಅನೇಕ ರಾಜ್ಯಗಳೇ ಒಪ್ಪಿಕೊಂಡಿವೆ. ಅದು ನಂಬಬಹುದಾದದ್ದು, ಆದರೆ ಸರ್ಕಾರದ ಶುಲ್ಕದ ಮೇಲೆ ತನ್ನ ಶುಲ್ಕವನ್ನೂ ಸೇರಿಸುತ್ತದೆ.

ಸಾವು ಈಗಷ್ಟೇ ಆಗಿದ್ದರೆ

ಈ ಸಂದರ್ಭದಲ್ಲಿ ನೀವು ಕಚೇರಿಗೆ ಓಡಬೇಕಾಗಿಲ್ಲ. ಪ್ರಮಾಣಪತ್ರದ ಕೆಲಸವನ್ನು ಫ್ಯೂನರಲ್ ಹೋಮ್‌ನವರೇ, ಅಂದರೆ ಅಂತ್ಯಕ್ರಿಯೆಯ ಏರ್ಪಾಡು ಮಾಡುವ ಸಂಸ್ಥೆಯವರೇ, ಮಾಡುತ್ತಾರೆ. ಹೆಸರು, ವಿಳಾಸ, ತಂದೆತಾಯಿಯ ವಿವರ ಅವರು ತುಂಬುತ್ತಾರೆ. ಸಾವಿನ ಕಾರಣವನ್ನು ವೈದ್ಯರು ಬರೆಯುತ್ತಾರೆ. ಅಪಘಾತ ಅಥವಾ ಕಾರಣ ತಿಳಿಯದ ಸಾವಾದರೆ ಮೆಡಿಕಲ್ ಎಕ್ಸಾಮಿನರ್ ಅಥವಾ ಕೊರೊನರ್, ಅಂದರೆ ಇಂಥ ಸಾವುಗಳ ತನಿಖೆ ಮಾಡುವ ಅಧಿಕಾರಿ, ಬರೆಯುತ್ತಾರೆ. ಆಮೇಲೆ ನೋಂದಣಿ. ಇದಕ್ಕೆ ಕ್ಯಾಲಿಫೋರ್ನಿಯಾದಲ್ಲಿ 8 ದಿನ, ಟೆಕ್ಸಸ್‌ನಲ್ಲಿ 10 ದಿನದ ಗಡುವಿದೆ. ಕೊರೊನರ್ ಕೈಗೆ ಹೋದ ಪ್ರಕರಣದಲ್ಲಿ ಕಾರಣದ ಜಾಗದಲ್ಲಿ ‘ಪೆಂಡಿಂಗ್’ ಅಂತ ಬರಬಹುದು. ಗಾಬರಿ ಬೇಡ. ಆ ಪ್ರತಿಯಿಂದಲೂ ಎಷ್ಟೋ ಕೆಲಸ ಆಗುತ್ತವೆ. ವಿಮೆ ಕಂಪನಿ ಮಾತ್ರ ತಿದ್ದಿದ ಪ್ರತಿಗಾಗಿ ಕಾಯಬಹುದು.

ಫ್ಯೂನರಲ್ ಹೋಮ್‌ನಲ್ಲಿ ಆ ಫಾರಂ ತುಂಬುವ ಅರ್ಧ ಗಂಟೆ ಬಹಳ ಮುಖ್ಯ. ದಯವಿಟ್ಟು ಅಲ್ಲಿಗೆ ಒಬ್ಬರೇ ಹೋಗಬೇಡಿ. ದುಃಖದಲ್ಲಿರುವವರು ಕಾಗುಣಿತ ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ, ಅಲ್ವಾ? ಸ್ವಲ್ಪ ದೂರದ ನೆಂಟರೋ ಸ್ನೇಹಿತರೋ ಜೊತೆಗಿರಲಿ. ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ ನೋಡಲಿ.

ನಮ್ಮವರ ಹೆಸರುಗಳು ಈ ಫಾರಂಗೆ ಸುಲಭವಾಗಿ ಹೊಂದುವುದಿಲ್ಲ. ತಾಯಿಯ ಹೆಸರಿನ ಕಾಲಂ ‘ಮದುವೆಗೆ ಮುಂಚಿನ ಕೊನೆಯ ಹೆಸರು’ ಕೇಳುತ್ತದೆ. ನಮ್ಮ ಅಜ್ಜಿಯರಲ್ಲಿ ಎಷ್ಟೋ ಜನಕ್ಕೆ ಅಂಥ ಕೊನೆಯ ಹೆಸರೇ ಇರಲಿಲ್ಲ. ಊಹಿಸಿ ಏನೋ ಒಂದು ಬರೆಸಬೇಡಿ. ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಾಯಿಯ ಹೆಸರು ಹೇಗಿದೆಯೋ ಹಾಗೇ ಬರೆಸಿ. ಮಕ್ಕಳನ್ನು ನೋಡಲು ಬಂದಿದ್ದ ತಂದೆ ಅಥವಾ ತಾಯಿ ತೀರಿಕೊಂಡಿದ್ದರೆ, ವಾಸದ ವಿಳಾಸದ ಜಾಗದಲ್ಲಿ ಊರಿನ ವಿಳಾಸವೇ ಬರಬೇಕು, ಮಗನ ಮನೆಯದ್ದಲ್ಲ. ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಿ. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ. ಹುಟ್ಟಿದ ದಿನಾಂಕ 5-8 ಇದ್ದರೆ ಅದು ಆಗಸ್ಟ್‌ನದೋ ಮೇ ತಿಂಗಳದ್ದೋ, ಬಾಯಿಬಿಟ್ಟು ಹೇಳಿ. ನೋಂದಣಿಯಾದ ಮೇಲೆ ತಿದ್ದಿಸಬೇಕಾದರೆ ಅಫಿಡವಿಟ್, ಪುರಾವೆ, ಮತ್ತೆ ಶುಲ್ಕ, ತಿಂಗಳುಗಟ್ಟಲೆ ಕಾಯುವುದು.

ಪ್ರತಿಗಳನ್ನು ಸ್ವಲ್ಪ ಜಾಸ್ತಿಯೇ ತೆಗೆದುಕೊಳ್ಳಿ. ಬ್ಯಾಂಕ್, ವಿಮೆ, 401(ಕೆ) ಎಂಬ ನಿವೃತ್ತಿ ಉಳಿತಾಯ ಖಾತೆ, ಕಾರಿನ ಟೈಟಲ್ ಅಂದರೆ ಮಾಲೀಕತ್ವದ ಪತ್ರ, ಊರಿನ ಆಸ್ತಿ, ಪ್ರತಿಯೊಂದಕ್ಕೂ ಸರ್ಟಿಫೈಡ್ ಕಾಪಿ ಕೇಳುತ್ತಾರೆ. ಜೆರಾಕ್ಸ್ ನಡೆಯುವುದಿಲ್ಲ. ಎಂಟರಿಂದ ಹತ್ತು ಪ್ರತಿ ಅಂತ ನಾವು ಹೇಳುತ್ತೇವೆ. ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಸಾಮಾನ್ಯವಾಗಿ ಫ್ಯೂನರಲ್ ಹೋಮ್‌ನವರೇ ತಿಳಿಸುತ್ತಾರೆ. ಅಲ್ಲಿಂದ ಅರ್ಹ ಸಂಗಾತಿಗೆ, ಇಲ್ಲದಿದ್ದರೆ ಅರ್ಹ ಮಕ್ಕಳಿಗೆ, ಒಂದು ಬಾರಿ 255 ಡಾಲರ್ ಸಿಗುತ್ತದೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.

ಹಳೆಯ ಸಾವಿನ ಜಾಡು ಹಿಡಿಯುವುದು

ಎಲ್ಲಿ, ಯಾವಾಗ ಎಂಬುದು ಗೊತ್ತಿಲ್ಲದಾಗ ಕಚೇರಿಗೆ ಅರ್ಜಿ ಹಾಕುವ ಮೊದಲು ನಿಧನ ವಾರ್ತೆ ಹುಡುಕಿ. ಇಲ್ಲಿ ಅದಕ್ಕೆ ಒಬಿಚುವರಿ ಎನ್ನುತ್ತಾರೆ. ಊರಿನ ಪತ್ರಿಕೆಯಲ್ಲಿ ಫೋಟೊ ಹಾಕಿ ನಾಲ್ಕು ಸಾಲು ಬರೆಯುವುದಕ್ಕಿಂತ ಇದು ದೊಡ್ಡದು. ಹುಟ್ಟಿದ ಊರು, ಓದು, ಕೆಲಸ, ಮಕ್ಕಳ ಹೆಸರು, ಅಂತ್ಯಕ್ರಿಯೆ ನಡೆಸಿದ ಫ್ಯೂನರಲ್ ಹೋಮ್, ಎಷ್ಟೋ ಸಲ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಆ ಫ್ಯೂನರಲ್ ಹೋಮ್‌ನ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅವರ ಕಡತದಲ್ಲಿ ಸಾವು ಯಾವ ಕೌಂಟಿಯಲ್ಲಿ ಆಯಿತು ಎಂಬುದು ಇರುತ್ತದೆ. ಫೋನ್ ಮಾಡಿ ಸಂಬಂಧ ಹೇಳಿಕೊಂಡರೆ ಸಾಮಾನ್ಯವಾಗಿ ಮರ್ಯಾದೆಯಿಂದ ಸಹಾಯ ಮಾಡುತ್ತಾರೆ.

ಒಂದು ಎಚ್ಚರ: ನಿಧನ ವಾರ್ತೆ ಸುಳಿವು ಮಾತ್ರ, ಕಚೇರಿಗಳು ಸಾಮಾನ್ಯವಾಗಿ ಅದನ್ನು ಪುರಾವೆ ಅಂತ ಒಪ್ಪುವುದಿಲ್ಲ. ಬಹಳಷ್ಟನ್ನು ಮನೆಯವರೇ ಬರೆದು ಹಣ ಕೊಟ್ಟು ಹಾಕಿಸಿರುತ್ತಾರೆ, ಅದೂ ಸಾವಾದ ಎರಡು ಮೂರು ದಿನದಲ್ಲಿ, ಆ ಮನಸ್ಥಿತಿಯಲ್ಲಿ. ವಯಸ್ಸು, ವರ್ಷ ತಪ್ಪಿರುವುದುಂಟು. ಎಷ್ಟೋ ಕುಟುಂಬಗಳು ಹಾಕಿಸುವುದೇ ಇಲ್ಲ.

ಹೊಸ ವಾರ್ತೆಗಳಿಗೆ ಲೆಗಸಿ ಡಾಟ್ ಕಾಮ್ ಮತ್ತು ಫ್ಯೂನರಲ್ ಹೋಮ್‌ಗಳ ಸ್ವಂತ ಜಾಲತಾಣಗಳನ್ನು ನೋಡಿ. ಹಳೆಯದಕ್ಕೆ ಸಾರ್ವಜನಿಕ ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದು ನನ್ನ ಅನುಭವ. ಆ ಊರಿನ ಗ್ರಂಥಾಲಯದ ರೆಫರೆನ್ಸ್ ವಿಭಾಗಕ್ಕೆ ಹೆಸರು ಮತ್ತು ಸುಮಾರು ದಿನಾಂಕ ಬರೆದು ಇಮೇಲ್ ಮಾಡಿ. ಎಷ್ಟೋ ಕಡೆ ಅವರೇ ಮೈಕ್ರೋಫಿಲ್ಮ್ ನೋಡಿ ಸ್ಕ್ಯಾನ್ ಕಳಿಸುತ್ತಾರೆ, ಉಚಿತವಾಗಿ ಅಥವಾ ಸಣ್ಣ ಶುಲ್ಕಕ್ಕೆ. ದಿನಾಂಕ ಗೊತ್ತಿದ್ದರೆ ಸಾವಿನ ಮರುದಿನದಿಂದ ಎರಡು ವಾರದ ಪತ್ರಿಕೆ ನೋಡಲು ಕೇಳಿ. ವಂಶಾವಳಿ ಹುಡುಕುವ ಆನ್‌ಸೆಸ್ಟ್ರಿ ಜಾಲತಾಣವನ್ನು ಮನೆಯಿಂದ ನೋಡಲು ಚಂದಾ ಬೇಕು. ಅದರ ಗ್ರಂಥಾಲಯ ಆವೃತ್ತಿಯನ್ನು ಎಷ್ಟೋ ಗ್ರಂಥಾಲಯಗಳಲ್ಲಿ ಕೂತು ಪುಕ್ಕಟೆ ನೋಡಬಹುದು. ಅಂಥದ್ದೇ ಇನ್ನೊಂದು ಜಾಲತಾಣ ಫ್ಯಾಮಿಲಿಸರ್ಚ್‌ಗೆ ಖಾತೆ ತೆರೆದರೆ ಸಾಕು, ಹಣ ಬೇಡ. ಸೋಶಿಯಲ್ ಸೆಕ್ಯುರಿಟಿ ಡೆತ್ ಇಂಡೆಕ್ಸ್, ಅಂದರೆ ಆ ನಂಬರ್ ಇದ್ದು ತೀರಿಕೊಂಡವರ ಪಟ್ಟಿ, ಅಲ್ಲೇ ಸಿಗುತ್ತದೆ. ಆದರೆ ಇತ್ತೀಚಿನ ಸಾವುಗಳನ್ನು ಅದರಲ್ಲಿ ಹುಡುಕಬೇಡಿ. 2013ರಲ್ಲಿ ಬಂದ ಕಾನೂನಿನ ನಂತರ ಸಾವಿನ ಮೊದಲ ಮೂರು ವರ್ಷ ಆ ಮಾಹಿತಿಯನ್ನು ಎಲ್ಲರಿಗೂ ಕೊಡುವುದಿಲ್ಲ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಹಿರಿಯರ ಹೆಸರು ಅದರಲ್ಲಿ ಬರುವುದೇ ಇಲ್ಲ.

ಹೆಸರು ಹುಡುಕುವಾಗ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ ಡಬ್ಲ್ಯು ಹಾಕಿ ಬರೆಯುವವರಿದ್ದಾರೆ, ಯು ಹಾಕಿ ಬರೆಯುವವರಿದ್ದಾರೆ. ಲಕ್ಷ್ಮಿಗೆ ಒಬ್ಬರು ಎಕ್ಸ್ ಹಾಕಿದರೆ ಇನ್ನೊಬ್ಬರು ಕೆ ಎಸ್ ಎಚ್ ಹಾಕುತ್ತಾರೆ. ವೆಂಕಟೇಶ್ ಇದ್ದವರು ಕೊನೆಗೆ ಎ ಸೇರಿಸಿಕೊಂಡು ವೆಂಕಟೇಶ ಆಗಿರುತ್ತಾರೆ. ಕೃಷ್ಣಮೂರ್ತಿ ಎಂಬುದು ಇಲ್ಲಿ ಒಡೆದು ‘ಮೂರ್ತಿ, ಕೃಷ್ಣ’ ಆಗಿರಬಹುದು. ಇನಿಷಿಯಲ್ಲು ಬಿಡಿಸಿದಾಗ ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಆಗಿ ಕೂತಿರಬಹುದು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇದ್ದವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಆ ಮೂರು ಅಕ್ಷರ ಹಾಕಿಯೂ ಹುಡುಕಿ. ಜಾಲತಾಣದಲ್ಲಿ ಅವಕಾಶವಿದ್ದರೆ ಮೊದಲ ನಾಲ್ಕಕ್ಷರ ಬರೆದು ನಕ್ಷತ್ರ ಚಿಹ್ನೆ ಹಾಕಿ. ಹೆಸರು ಬಿಟ್ಟು ಗಂಡ, ಹೆಂಡತಿ, ಮಕ್ಕಳ ಹೆಸರಿನಿಂದಲೂ ಪ್ರಯತ್ನಿಸಿ. ನಿಧನ ವಾರ್ತೆಯಲ್ಲಿ ಅವೆಲ್ಲ ಇರುತ್ತವೆ.

ಅರ್ಜಿ ಹಾಕುವಾಗ

ಯಾರಿಗೆ ಕೊಡುತ್ತಾರೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬಹಳ ಬದಲಾಗುತ್ತದೆ. ಒಹಾಯೋದಲ್ಲಿ ಯಾರು ಬೇಕಾದರೂ ಕೇಳಬಹುದು. ಫ್ಲೋರಿಡಾದಲ್ಲಿ ಸಾವಿನ ಕಾರಣ ಇಲ್ಲದ ಪ್ರತಿ 18 ವರ್ಷ ತುಂಬಿದ ಯಾರಿಗಾದರೂ ಸಿಗುತ್ತದೆ, ಕಾರಣ ಇರುವ ಪ್ರತಿಗೆ 50 ವರ್ಷ ಆಗುವವರೆಗೆ ಹತ್ತಿರದ ಸಂಬಂಧ ಬೇಕು. ಟೆಕ್ಸಸ್‌ನಲ್ಲಿ 25 ವರ್ಷ ದಾಟಿದರೆ ದಾಖಲೆ ಸಾರ್ವಜನಿಕ. ಕ್ಯಾಲಿಫೋರ್ನಿಯಾದಲ್ಲಿ ಸಂಬಂಧಿಕರಲ್ಲದವರಿಗೆ ‘ಮಾಹಿತಿಗಾಗಿ ಮಾತ್ರ’ ಎಂಬ ಮುದ್ರೆ ಒತ್ತಿದ ಪ್ರತಿ ಕೊಡುತ್ತಾರೆ. ಅದು ವಂಶವೃಕ್ಷಕ್ಕೆ ಸರಿ, ಬ್ಯಾಂಕಿಗೆ ಆಗುವುದಿಲ್ಲ. ಅಲ್ಲಿ ಅಂಚೆಯಲ್ಲಿ ಪೂರ್ಣ ಪ್ರತಿ ಕೇಳುವುದಾದರೆ ನೋಟರಿ ಮುಂದೆ ಸಹಿ ಮಾಡಿದ ಹೇಳಿಕೆಯೂ ಬೇಕು. ನೋಟರಿ ನಿಮ್ಮ ಬ್ಯಾಂಕ್ ಶಾಖೆಯಲ್ಲೇ ಸಿಗಬಹುದು, ಒಮ್ಮೆ ಕೇಳಿ ನೋಡಿ.

ಅರ್ಜಿಯ ಜೊತೆ ನಿಮ್ಮ ಗುರುತಿನ ಚೀಟಿಯ ಪ್ರತಿ, ಸಂಬಂಧ ತೋರಿಸುವ ಕಾಗದ, ಚೆಕ್ ಅಥವಾ ಮನಿ ಆರ್ಡರ್ ಇರಲಿ. ದಿನಾಂಕ ಖಚಿತವಿಲ್ಲದಿದ್ದರೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಬೇಕು ಅಂತ ಬರೆಯಿರಿ. ದಾಖಲೆ ಸಿಗದಿದ್ದರೂ ಸಾಮಾನ್ಯವಾಗಿ ಹಣ ವಾಪಸ್ ಬರುವುದಿಲ್ಲ, ‘ದಾಖಲೆ ಇಲ್ಲ’ ಎಂಬ ಪತ್ರ ಬರುತ್ತದೆ. ಅದನ್ನು ಎಸೆಯಬೇಡಿ. ಮುಂದೆ ಇನ್ನೊಂದು ಕಚೇರಿಯಲ್ಲಿ ಅದೇ ಕೆಲಸಕ್ಕೆ ಬರಬಹುದು. ಬೇರೆ ಕಾಗುಣಿತ ಹಾಕಿ, ಪಕ್ಕದ ರಾಜ್ಯಕ್ಕೂ ಒಮ್ಮೆ ಬರೆದು ನೋಡಿ.

ದಾಖಲೆ ಊರಿನಲ್ಲಿ ನಡೆಯಬೇಕಾದರೆ

ಇಲ್ಲಿ ಆದ ಸಾವನ್ನು ಊರಿನ ನಗರಸಭೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ನೋಂದಾಯಿಸಲು ಆಗುವುದಿಲ್ಲ. ತೀರಿಕೊಂಡವರು ಭಾರತದ ಪ್ರಜೆಯಾಗಿದ್ದರೆ ನಿಮ್ಮ ಪ್ರದೇಶದ ಭಾರತೀಯ ಕಾನ್ಸುಲೇಟ್‌ನಲ್ಲಿ ಸಾವನ್ನು ನೋಂದಾಯಿಸಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆ ಅದನ್ನು ಮಾನ್ಯ ಮಾಡುತ್ತದೆ. ಅವರ ಪಾಸ್‌ಪೋರ್ಟ್ ರದ್ದು ಮಾಡಿಸುವುದೂ ಅಲ್ಲೇ.

ಅಮೆರಿಕದ ಪ್ರಮಾಣಪತ್ರವನ್ನೇ ಊರಿನ ಕಚೇರಿಗೆ ಕೊಡುವುದಾದರೆ ಅಪೋಸ್ಟಿಲ್ ಮಾಡಿಸಿ, ಅಂದರೆ ಅದರ ಸಹಿ, ಮುದ್ರೆ ಅಸಲಿ ಎಂದು ಬೇರೆ ದೇಶಕ್ಕೆ ತೋರಿಸುವ ದೃಢೀಕರಣ. ಎರಡೂ ದೇಶಗಳು ಇದರ ಅಂತಾರಾಷ್ಟ್ರೀಯ ಒಪ್ಪಂದದಲ್ಲಿವೆ. ಭಾರತದಲ್ಲಿ ಅದು ಜಾರಿಗೆ ಬಂದದ್ದು 2005ರಲ್ಲಿ. ಪ್ರಮಾಣಪತ್ರ ಕೊಟ್ಟ ರಾಜ್ಯದ ಕಚೇರಿಯೇ, ಸಾಮಾನ್ಯವಾಗಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ಇದನ್ನು ಮಾಡಬೇಕು. ನೀವು ಈಗ ಬೇರೆ ರಾಜ್ಯದಲ್ಲಿದ್ದರೆ ನೀವಿರುವ ರಾಜ್ಯದ ಕಚೇರಿ ಮಾಡಿಕೊಡುವುದಿಲ್ಲ. ಪ್ರತಿ ತರಿಸುವ ಮೊದಲೇ ಅಪೋಸ್ಟಿಲ್ ಕೊಡುವ ಕಚೇರಿಗೆ ಫೋನ್ ಮಾಡಿ, ಯಾವ ಅಧಿಕಾರಿಯ ಸಹಿ ಇರುವ ಪ್ರತಿ ಬೇಕು ಅಂತ ಕೇಳಿ. ಕೌಂಟಿಯ ಸಹಿ ನಡೆಯದೆ ಮತ್ತೆ ರಾಜ್ಯದ ಪ್ರತಿ ತರಿಸಬೇಕಾದವರು ನಮ್ಮಲ್ಲೇ ಇದ್ದಾರೆ. ಪ್ರಮಾಣಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಅಪೋಸ್ಟಿಲ್ ಹಾಳೆಯನ್ನು ಪಿನ್ ಹೊಡೆದು ಕೊಟ್ಟಿದ್ದರೆ, ಸ್ಕ್ಯಾನ್ ಮಾಡುವುದಕ್ಕಾಗಿಯೂ ಆ ಪಿನ್ ಬಿಚ್ಚಬೇಡಿ.